ಕೆಂಪು ಕೋಟಿನಲ್ಲಿ ಸತ್ತ ಸಂಜೆ

ಕಳೆದ ಭಾನುವಾರ ಸಂಜೆ ಧಾರವಾಡದ ನಮ್ಮ ಬಡಾವಣೆಯ ಮೈದಾನದಲ್ಲಿ ನಾನು ಸತ್ತೆ. ಭರ್ಜರಿ ಚಪ್ಪಾಳೆ ಬಿತ್ತು. ಕಾಲೇಜಿನಲ್ಲಿ ಅಷ್ಟು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಒಂದು ದಿನವೂ ಸಿಗದ ಚಪ್ಪಾಳೆ!

ಗಾಬರಿಯಾಗಬೇಡಿ. ನಮ್ಮ ಸೀಮೆಯ ಸಂಸ್ಥಾನವೊಂದು ಕಂಪನಿ ಸರ್ಕಾರದ ವಿರುದ್ಧ ಗೆದ್ದ ಕಾಳಗವನ್ನು ಬಡಾವಣೆಯ ಸಂಘದವರು ಮತ್ತೆ ಆಡಿಸಿದರು. ಪುಸ್ತಕ ಮುಟ್ಟದ ಮಕ್ಕಳಿಗೆ ಇತಿಹಾಸ ಕಣ್ಣಿಗಾದರೂ ಬೀಳಲಿ ಎಂಬುದು ಉದ್ದೇಶ. ಒಳ್ಳೆಯದೇ. ತೊಂದರೆ ಶುರುವಾದದ್ದು ಮೊದಲ ಮೀಟಿಂಗಿನಲ್ಲಿ. ಕಂಪನಿಯ ಕಡೆ ಸೇರಲು ಒಬ್ಬನೂ ತಯಾರಿಲ್ಲ. ಎಲ್ಲರೂ ಸಂಸ್ಥಾನದ ವೀರರೇ. ಎದುರಾಳಿಯೇ ಇಲ್ಲದೆ ಯುದ್ಧ ಗೆಲ್ಲುವುದು ಹೇಗೆ? ಕಡೆಗೆ ರಿಟೈರ್ ಆದವರನ್ನೆಲ್ಲ ಹಿಡಿದು ಕೆಂಪು ಕೋಟು ತೊಡಿಸಿದರು. (ಕೋಟು ಮದುವೆ ಬ್ಯಾಂಡಿನವರದು. ಬೆವರಿನ ವಾಸನೆಯೂ ಅವರದೇ.)

ಮನೆಗೆ ಬಂದು, ನನ್ನದು ಸಾಯುವ ಸಿಪಾಯಿಯ ಪಾತ್ರ ಎಂದು ಹೇಳಿದೆ. ಅಕ್ಕಿ ಆರಿಸುತ್ತಿದ್ದ ನನ್ನಾಕೆ ಶಾಂತಾಳ ಕೈ ನಿಂತಿತು. ಹೋದ ವರ್ಷ ನನ್ನ ಹೃದಯದ ಆಪರೇಷನ್ ಆದಾಗ ಐಸಿಯು ಬಾಗಿಲಲ್ಲಿ ಕುಳಿತವಳು ಆಕೆ.

"ಬ್ಯಾರೆ ಏನರ ಆಗ್ರಿ. ಸಾಯೂದು ಬ್ಯಾಡ," ಎಂದಳು.

ಇದು ಆಟ ಮಾರಾಯ್ತಿ ಎಂದು ನಕ್ಕುಬಿಟ್ಟೆ.

ನನ್ನನ್ನು ಕೊಲ್ಲಬೇಕಾದವನು ಪಕ್ಕದ ಮನೆಯ ಈರಣ್ಣ. ಅಮ್ಮಿನಬಾವಿ ಕಡೆಯವನು, ಬಹಳ ಸಂಭಾವಿತ. ಕತ್ತಿ ಎತ್ತಿದವನೇ ನನ್ನ ಕಿವಿಯ ಹತ್ತಿರ ಬಾಗಿದ. "ಕಾಕಾ, ತಪ್ಪ ತಿಳ್ಕೋಬ್ಯಾಡ್ರಿ. ಸಾವಕಾಶ ಬೀಳ್ರಿ," ಎಂದ. ಇಷ್ಟು ಮರ್ಯಾದೆಯ ಸಾವು ಯಾವ ಸಿಪಾಯಿಗೆ ಸಿಕ್ಕೀತು? ಬಿದ್ದೆ.

ಅಸಲಿ ತಮಾಷೆ ಆಮೇಲೆ. ಗೆದ್ದ ಸೈನ್ಯ ಹೆಣಗಳ ನಡುವೆ ಓಡಬೇಕು. ಓಡುವಾಗ ಕಾಲು ತಾಗುತ್ತದಲ್ಲ? ಹಿರಿಯರಿಗೆ ಕಾಲು ತಾಗಿಸಿ ನಮ್ಮವರು ಸುಮ್ಮನೆ ಮುಂದೆ ಹೋಗುತ್ತಾರೆಯೇ? ಒಬ್ಬೊಬ್ಬ ವೀರನೂ ನಿಂತು, ಬಗ್ಗಿ, ಹೆಣ ಮುಟ್ಟಿ ಕಣ್ಣಿಗೊತ್ತಿಕೊಂಡ. ಹಿಂದಿನವನು ಮುಂದಿನವನಿಗೆ ಡಿಕ್ಕಿ. ರಣರಂಗವೆಲ್ಲ ಟ್ರಾಫಿಕ್ ಜಾಮ್. ಒಂದು ಹೆಣವಂತೂ ಅಭ್ಯಾಸಬಲದಿಂದ ಇರಲಿ ಇರಲಿ ಅಂದುಬಿಟ್ಟಿತು. (ನಾನೇ ಅದು.) ಯುದ್ಧದಾಗ ನಮಸ್ಕಾರ ಮಾಡಬ್ಯಾಡ್ರಿ, ಮುಂದ ನಡೀರಿ ಎಂದು ಸಂಘದ ಕಾರ್ಯದರ್ಶಿ ಮೈಕಿನಲ್ಲಿ ಗದರಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಕ್ಕಳು ಕಣ್ಣರಳಿಸಿ ನೋಡಿದ್ದು ಖರೆ. ನನ್ನ ಕ್ಲಾಸಿನಲ್ಲಿ ಯಾರೂ ಹಾಗೆ ನೋಡಿದವರಲ್ಲ. ಆದರೆ ಅವರು ಕಂಡ ಯುದ್ಧದಲ್ಲಿ ಸತ್ತವರೆಲ್ಲ ಮೈ ಕೊಡವಿಕೊಂಡು ಎದ್ದು, ಸಾಲಾಗಿ ನಿಂತು ಗಿರಮಿಟ್ಟು ಮಿರ್ಚಿ ತಿಂದರು. ನಿಜದ ಯುದ್ಧದಲ್ಲಿ ಹಾಗೆ ಏಳುವುದಿಲ್ಲ ಎಂದು ಅವರಿಗೆ ಹೇಳುವವರು ಯಾರು? ಮೈಕಂತೂ ಹೇಳಲಿಲ್ಲ.

ನಾನೂ ಒಂದು ಮಿರ್ಚಿ ಹಿಡಿದು ಹೆಂಡತಿಯನ್ನು ಹುಡುಕಿದೆ. ಆಕೆಯ ಕುರ್ಚಿ ಖಾಲಿ. ನೀವು ಬಿದ್ದ ಕೂಡಲೇ ಕಾಕು ಎದ್ದು ಹೋದರು ಎಂದ ಈರಣ್ಣ. ಕೋಟು ಬಿಚ್ಚುವ ವ್ಯವಧಾನವೂ ಇಲ್ಲದೆ ಮನೆಗೆ ಓಡಿದೆ.

ಕಟ್ಟೆಯ ಮೇಲೆ ಕುಳಿತಿದ್ದಳು. ಅತ್ತು ಕಣ್ಣು ಊದಿದ್ದವು. ಸುಳ್ಳು ಸಾವು ಅಂತ ಗೊತ್ತಿತ್ತಂತೆ. ಬೀಳುವುದನ್ನೂ ಹೇಗೋ ಹಲ್ಲು ಕಚ್ಚಿ ನೋಡಿದಳಂತೆ. ಅಕ್ಕಪಕ್ಕದವರು ಖುಷಿಯಿಂದ ಕೂಗಿದ್ದನ್ನು ಮಾತ್ರ ತಡೆಯಲಾಗಲಿಲ್ಲವಂತೆ. ನನಗೆ ನಿಜಕ್ಕೂ ಕೆಟ್ಟದೆನಿಸಿತು. ಪಕ್ಕದಲ್ಲಿ ಕುಳಿತೆ.

ಸ್ವಲ್ಪ ಹೊತ್ತಿಗೆ ತಾನೇ ನನ್ನ ಕೋಟಿನ ಗುಂಡಿ ಬಿಚ್ಚತೊಡಗಿದಳು. ಆವತ್ತಿನ ನಿಜದ ಕಾಳಗದಲ್ಲಿ ಇಂಥ ಕೋಟು ತೊಟ್ಟವರೆಲ್ಲ ಬಿಳಿಯರೇ ಏನು ಎಂದು ಕೇಳಿದಳು. ಎಲ್ಲಿಯ ಬಿಳಿಯರು, ಹೊಟ್ಟೆಪಾಡಿಗೆ ಕಂಪನಿ ಸೇರಿದ ನಮ್ಮ ದೇಶದವರೇ ಎಷ್ಟೋ ಮಂದಿ ಇದ್ದರು ಎಂದೆ, ಮೇಷ್ಟ್ರ ಗತ್ತಿನಲ್ಲಿ.

"ಹಂಗಾರ ನಾವು ಗೆದ್ದ ದಿನ ಅವ್ರ ಹೆಂಡ್ರು ಯಾರ ಮುಂದ ಕುಂತು ಅಳಬೇಕಿತ್ರಿ?"