ಕೇಳಲಿಲ್ಲಂದ್ರ ಮತ್ತ ಒತ್ತು

ಗೋವಾದಾಗಿನ ಕೊರ್ತಾಲಿಮ್‌ನ ಫಿರ್ದೋಸ ಏನ್ ಕೆಲಸ ಮಾಡ್ತಾಳಂತ ಓಣಿಯಾಗ ಯಾರಿಗೂ ಸರಿಯಾಗಿ ತಿಳಿದಿಲ್ಲ. ತಾಯಿ ರಹಿಮತಬಿಗಂತೂ ಮೊದಲಽ ತಿಳಿದಿಲ್ಲ, ಆದ್ರ ಹೇಳೂದು ಮಾತ್ರ ಬಿಟ್ಟಿಲ್ಲ. "ನಮ್ಮಾಕಿ ಕಂಪ್ಯೂಟರಿಗೆ ಬುದ್ಧಿ ಹೇಳ್ತಾಳ್ರಿ" ಅಂತ ನಳದ ಮುಂದ ನಿಂತು ಸಾರತಾಳ.

ಖರೇ ಹೇಳಬೇಕಂದ್ರ ಅದು ಭಾಳ ತಪ್ಪೇನಲ್ಲ. ಪಣಜಿಯೊಳಗ ಒಂದು ಸಣ್ಣ ಕಂಪನಿ. ಬ್ರೌಸರನ್ನ ತಂತಾನಽ ನಡಸೋ ಸಾಧನ ಅವ್ರು ಮಾಡ್ಯಾರ. ಪುಟ ತೆರಿಯೋದು, ಹೆಸರು ತುಂಬೋದು, ಗುಂಡಿ ಒತ್ತೋದು, ಎಲ್ಲಾ ಒಂದು ಎಐ ಏಜೆಂಟ್ ಮಾಡತೈತಿ. ಯಾವ ಗುಂಡಿ ಯಾವಾಗ ಒತ್ತಬೇಕು, ಪುಟ ತಡಾ ಮಾಡಿದ್ರ ಏನ್ ಮಾಡಬೇಕು ಅಂತ ಆ ಏಜೆಂಟಿಗೆ ಕೈಪಿಡಿ ಬರಿಯಾಕಿ ಫಿರ್ದೋಸ.

"ಅದನ್ನ ಓದಾವ್ರು ಯಾರವಾ?" ಅಂತ ಅವರಪ್ಪ ಮೈಬೂಬಸಾಬ ಟೆಂಪೋ ಒರಸ್ಕೋತ ಕೇಳಿದ್ದ.

"ಯಂತ್ರನಽ ಓದತೈತಿ ಅಬ್ಬಾ."

"ಓದಿ, ಹೇಳಿದಂಗ ಕೇಳತೈತೇನು?"

"ಒಂದಕ್ಷರ ತಪ್ಪಸಂಗಿಲ್ಲ."

"ಹಂಗಾದ್ರ ಒಂದು ಮನಿಗೂ ತಗೊಂಡು ಬಾ ತಾಯಿ. ಇಲ್ಲಿ ನನ್ನ ಮಾತು ಕೇಳಾವ್ರು ಒಬ್ಬರೂ ಇಲ್ಲ."

ಆದ್ರ ಫಿರ್ದೋಸಗ ಆ ವಾರ ನಗು ಬರ್ತಿರಲಿಲ್ಲ. ಶುಕ್ರವಾರ ಕಾಣಕೋಣದಿಂದ ಒಬ್ಬಾಕಿ ಗಿರಾಕಿ ಬಾಯಿ ಬರಾಕಿದ್ಲು. ಸಮುದ್ರದಂಡಿಗೆ ಪ್ರವಾಸಿಗಳಿಗೆ ಬಾಡಿಗಿ ಕೊಡೋ ಗುಡಿಸಲು ಅದಾವ ಆಕಿವು. ಆಕಿ ಮುಂದ ಏಜೆಂಟ್ ಚಲೋ ಕೆಲಸ ಮಾಡಿದ್ರ ನಿನ್ನ ನೌಕರಿ ಖಾಯಂ ಅಂತ ಮಾಲಕ ಸಾವಿಯೊ ಹೇಳಿದ್ದ. ಖಾಯಂ ಆಗದಿದ್ರ ವಿಜಾಪುರದ ದೊಡ್ಡಮ್ಮ ಒಂದು ವರ ಹುಡುಕಿಟ್ಟು ಕೂತಾಳ. ಎರಡು ಸಲ ರಹಿಮತಬಿನಽ ತಡದಿದ್ದಳು: "ಹುಡುಗಿ ನೌಕರಿ ಖಾಯಂ ಆಗ್ಲಿ ಅಕ್ಕಾ, ಆಮ್ಯಾಲ ಎರಡು ವರ್ಷ ಲಗ್ನದ ಮಾತು ಯಾರೂ ತಗೀಬ್ಯಾಡ್ರಿ."

ಈಗ ಆ ಕೈಪಿಡಿ ಸುದ್ದಿ ಕೇಳ್ರಿ. ಎಷ್ಟಂದ್ರೂ ಫಿರ್ದೋಸ ರಹಿಮತಬಿ ಮನಿಯಾಗ ಬೆಳದಾಕಿ. ಆ ಮನಿಯಾಗ ಉಣ್ಣಾವ ಸಾಕಂದ್ರ ಸಾಕಲ್ಲ. ಕೈ ಅಡ್ಡ ಹಿಡದ್ರ ಕೈಮ್ಯಾಲಽ ರೊಟ್ಟಿ ಬೀಳತೈತಿ. ಸುಮ್ಮ ಕೂತ್ರಂತೂ, ಪಾಪ ನಾಚಕೊಂಡಾನಂತ ಇನ್ನೆರಡು. ಅದಽ ರೂಢಿ ಕೈಪಿಡಿಗೂ ಇಳದುಬಿಟ್ಟಿತ್ತು: ಒತ್ತಿದ ಮ್ಯಾಲ ಪುಟ ಸುಮ್ಮನಿದ್ರ ಮತ್ತ ಒತ್ತು, ಆಗಲೂ ಸುಮ್ಮನಿದ್ರ ಮತ್ತೊಮ್ಮೆ ಒತ್ತು. ಬರದಾಗ ಅದರಾಗ ತಪ್ಪೇನೂ ಅವಳಿಗೆ ಕಂಡಿರಲಿಲ್ಲ.

ಶುಕ್ರವಾರ ಬಾಯಿ ಬಂದು ಕೂತಳು. ಒಬ್ಬ ಪ್ರವಾಸಿಗೆ ಒಂದು ಗುಡಿಸಲು ಕಾಯ್ದಿರಿಸು ಅಂತ ಏಜೆಂಟಿಗೆ ಹೇಳಿದ್ರು. ನೆಟ್ ಅವತ್ತಽ ಕೈ ಕೊಡಬೇಕಾ! ಪುಟ ಗರಗರ ತಿರಗಾಕತ್ತಿತು. ಏಜೆಂಟ್ ಒತ್ತಿತು, ಮತ್ತ ಒತ್ತಿತು, ಮತ್ತೊಮ್ಮೆ ಒತ್ತಿತು. ಕಡೀಕ ಪುಟ ತೆರದು ನೋಡಿದ್ರ ಒಬ್ಬ ಮನಷಾಗ ಮೂರು ಗುಡಿಸಲು!

ಬಾಯಿ ಹೊಟ್ಟಿ ಹಿಡಕೊಂಡು ನಕ್ಕಳು. "ಒಂದರಾಗ ಮಲಗತಾನ, ಇನ್ನೆರಡರಾಗ ಚಪ್ಪಲಿ ಬಿಡತಾನೇನು?" ಅಂತ ಕೊಂಕಣಿಯೊಳಗ ಕೇಳಿದಳು.

ಸಾವಿಯೊನ ಮಾರಿ ಇಷ್ಟು ಸಣ್ಣ ಆತು. "ಎಐ ಅಲ್ಲೇನ್ರಿ ಬಾಯಿ, ಒಮ್ಮೊಮ್ಮೆ ಹಿಂಗ ತಪ್ಪತೈತಿ" ಅಂದ.

ಫಿರ್ದೋಸ ಸುಮ್ಮನಿದ್ದಿದ್ರ ಮಾತು ಅಲ್ಲಿಗೇ ಮುಗೀತಿತ್ತು. ಆದ್ರ ಅವಳಿಗೆ ತಡೀಲಿಲ್ಲ. ಹುಟ್ಟಿದಾಗಿಂದ ಅವಳ ಮಾತನ್ನ ಇಷ್ಟು ಚಾಚೂ ತಪ್ಪದಂಗ ಕೇಳಿದ್ದು ಅದೊಂದಽ, ಅದರ ಮ್ಯಾಲಽ ತಪ್ಪು ಹೊರಸೂದಂದ್ರ ಯಾವ ನ್ಯಾಯ?

"ಅದರದು ತಪ್ಪಿಲ್ಲ ಸರ್. ನಾನಽ ಹಂಗ ಬರದೇನಿ" ಅಂದಳು. ಅಲ್ಲೇ ಕೂತು ತಿದ್ದಿದಳು: ಒತ್ತಿದ ಮ್ಯಾಲ ತುಸು ತಡಿ. ಕಾಯ್ದಿರಿಸಿದ್ದು ಆಗೇತೋ ಇಲ್ಲೋ ಮೊದಲು ನೋಡು. ಆಗಿಲ್ಲಂತ ಖಾತ್ರಿ ಆದ್ರಷ್ಟ ಮತ್ತ ಒತ್ತು.

ಆ ಮೂರೂ ರದ್ದು ಮಾಡಿ ಏಜೆಂಟಿಗೆ ಮತ್ತೊಮ್ಮೆ ಹೇಳಿದ್ರು. ಪುಟ ಮತ್ತ ಗರಗರ ತಿರಗಿತು. ಏಜೆಂಟ್ ಸುಮ್ಮ ಕಾಯ್ತು, ನೋಡಿತು. ಒಂದಽ ಗುಡಿಸಲು. ಬಾಯಿ ತಲಿ ಆಡಿಸಿ, ನಮಗೂ ಇದು ಬೇಕು ಅಂದಳು.

ಆಕಿ ಹೋದ ಮ್ಯಾಲ ಸಾವಿಯೊ ಮೆತ್ತಗ ಹೇಳಿದ, "ಹೇಳಿದ್ದು ಚಲೋ ಮಾಡಿದಿ. ಆದ್ರ ಕೈಪಿಡಿಯಾಗ ಇಂಥಾವು ಇನ್ನೆಷ್ಟು ಅದಾವೋ! ಮೂರು ತಿಂಗಳು ಪೂರಾ ತಿದ್ದು, ಖಾಯಂ ಆಮ್ಯಾಲ ನೋಡೋಣ."

ಬಸ್ಸಿನ್ಯಾಗ ಊರು ಮುಟ್ಟೋತನಕ ಅಮ್ಮಗ ಹೆಂಗ ಹೇಳಲಿ ಅನ್ನೂದಽ ಚಿಂತಿ. ಓಣಿಗೆ ಕಾಲಿಟ್ಟರ ತುಪ್ಪದ ಘಮಘಮ ವಾಸನಿ. ಬೀಚಿನ್ಯಾಗ ಕನ್ನಡಿ ಹಚ್ಚಿದ ಚೀಲ ಮಾರೋ ಬಾಜೂ ಮನಿ ಗಂಗೀಬಾಯಿ ಇವರ ಬಾಗಲದಾಗ ಕೂತು ಶೀರಾ ತಿನ್ನಾಕತ್ತಿದ್ದಳು. "ಖಾಯಂ ಆದಿಯಂತಲ್ಲವಾ! ದೇವರು ಚಲೋ ಇಟ್ಟಿರಲಿ."

ಫಿರ್ದೋಸ ತಾಯೀನ ಒಲಿ ಹಂತೇಕ ಎಳಕೊಂಡು ಹೋದಳು. "ಅಮ್ಮಾ, ಯಾರು ಹೇಳಿದ್ರು ನಿನಗ? ಖಾಯಂ ಆಗಿಲ್ಲ. ಇನ್ನ ಮೂರು ತಿಂಗಳು ನೋಡ್ತಾರಂತ."

"ಆಗಽ ಆಗತೈತಂತ..." ರಹಿಮತಬಿ ಕೈಯಾಗಿನ ಸೌಟು ನಿಂತಿತು. "ವಿಜಾಪುರದ ಅಕ್ಕಗೂ ಫೋನ್ ಮಾಡಿ ಹೇಳೇನಲ್ಲೇ."

ಫಿರ್ದೋಸಗ ಅಳು ಒತ್ತರಿಸಿ ಬಂತು. ರಹಿಮತಬಿ ಸೌಟು ಕೆಳಗಿಟ್ಟಳು.

"ತಿಂದಾವ್ರ ಬಾಯಾಗಿಂದ ಶೀರಾ ವಾಪಸ್ ತಗೀಲಿಕ್ಕಾಗತೈತೇನು? ಓಣಿಗೂ ನೀ ಖಾಯಂ, ವಿಜಾಪುರಕ್ಕೂ ನೀ ಖಾಯಂ. ಮೂರು ತಿಂಗಳದಾಗ ನನ್ನ ಮಾತು ಖರೇ ಮಾಡು. ಅಲ್ಲೀತನಕ ಸುಳ್ಳಿನ ಪಾಪ ನನಗಿರಲಿ."

ಹಂಗಂದು ಸೆರಗಿನಿಂದ ಮಗಳ ಕಣ್ಣು ಒರಸಿ, ಬೋಗುಣಿ ಎತ್ತಿಕೊಂಡು ಗಂಗೀಬಾಯಿಗೆ ನೀಡಾಕ ಹೊರಗ ಹೋದಳು.