ಚಾಚಾನ ಹೊಟ್ಟೆನೋವು ನನಗೆ ಬಂದದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾಯಿಲೆ ಬಿದ್ದವರನ್ನು ಅಣಕಿಸಿ ಮನೆಮಂದಿಯನ್ನೆಲ್ಲ ನಗಿಸಲು ಹೋದ ಮೂರ್ಖ ನಾನೇ. ಒಬ್ಬರ ನೋವು ಇನ್ನೊಬ್ಬರ ಮೈಗೆ ಬರುತ್ತದೆ ಎಂದು ಅದಕ್ಕೂ ಮುಂಚೆ ಯಾರಾದರೂ ಹೇಳಿದ್ದರೆ, ಅವರದೇ ದನಿ ತೆಗೆದು ಒಂದು ತಿಂಗಳು ಕಾಡುತ್ತಿದ್ದೆ.

ನಕಲು ಮಾಡುವುದು ನನ್ನ ಚಟ. ಅಪ್ಪನ ಸೀನು, ಮಾಸ್ತರರ ಕೆಮ್ಮು, ಕನ್ನಡಿ ಮುಂದೆ ನಿಂತಾಗಿನ ನನ್ನದೇ ಡೌಲು, ಯಾವುದನ್ನೂ ಬಿಟ್ಟವನಲ್ಲ. ಮೊದಲು ಆ ಮನುಷ್ಯನ ಉಸಿರು ಹಿಡಿಯಬೇಕು. ಅದು ಸಿಕ್ಕರೆ ದನಿ ತಾನಾಗಿ ಬರುತ್ತದೆ. ನನಗೆ ಗೊತ್ತಿರುವ ವಿದ್ಯೆ ಇಷ್ಟೇ.

ಕಮಲಾಪುರದ ರಸೂಲ್ ಚಾಚಾ ಕೆಂಪು ಬಾಳೆಹಣ್ಣಿನ ವ್ಯಾಪಾರಿ, ಅಪ್ಪನ ಹಳೆಯ ದೋಸ್ತ. ಒಮ್ಮೆ ಅವರಿಗೆ ಲಕ್ವಾ ಹೊಡೆಯಿತು. ಕೈಕಾಲು ಬೇಗ ಸರಿಹೋದವು, ಕೆಟ್ಟದ್ದು ಬೇರೆಯೇ. ಹಸಿವು ತಿಳಿಯದು, ರುಚಿ ತಿಳಿಯದು. ಬೆರಳು ಸುಟ್ಟರೆ ಸುಟ್ಟಿದೆ ಎನ್ನುವರು, ಕೈ ಮಾತ್ರ ಹಿಂದಕ್ಕೆ ತೆಗೆಯರು. ಕಲಬುರಗಿಯ ಸೇಡಂ ರಸ್ತೆಯ ಡಾಕ್ಟರೊಬ್ಬರು ಬಿಡಿಸಿ ಹೇಳಿದರು: ಮಿದುಳಿನ ಮಡಿಕೆಯೊಳಗೆ ಇನ್ಸುಲಾ ಎಂಬ ಭಾಗ ಅಡಗಿದೆ. ನಾಲಿಗೆ, ಹೊಟ್ಟೆ, ಎದೆ ಎಲ್ಲದರ ಸುದ್ದಿಯೂ ನರಗಳ ದಾರಿಯಲ್ಲಿ ಅಲ್ಲಿಗೆ ಬರುತ್ತದೆ, ಅಲ್ಲಿಂದ ಭಯ ಸಂಕಟ ಹುಟ್ಟುವ ಕಡೆಗೂ ಎಳೆಗಳು ಹೋಗುತ್ತವೆ. ಪೆಟ್ಟು ಬಿದ್ದದ್ದು ಅಲ್ಲೇ. ಅಂದಿನಿಂದ ಆ ಕೆಲಸವನ್ನೆಲ್ಲ ಅವರ ಹೆಂಡತಿ ಹಸೀನಾ ಚಾಚಿ ಹೊತ್ತರು. ಅಷ್ಟು ಚಿಕ್ಕ ತುಂಡು ಸದ್ದಿಲ್ಲದೆ ಎಷ್ಟು ದುಡಿಯುತ್ತಿತ್ತು ಎಂಬುದು, ಅದರ ಬದಲಿಗೆ ಚಾಚಿ ದಿನವಿಡೀ ಓಡಾಡುವುದನ್ನು ನೋಡಿದ ಮೇಲೆ ನನಗೆ ತಿಳಿಯಿತು.

ಮೂರು ವರ್ಷದ ಹಿಂದೆ ಅಕ್ಕನ ಮಗಳ ತೊಟ್ಟಿಲು ಕಾರ್ಯಕ್ಕೆ ಚಾಚಿ ಕೋಟನೂರಿನ ನಮ್ಮ ಮನೆಗೆ ಬಾಳೆಗೊನೆಯೊಂದಿಗೆ ಒಬ್ಬರೇ ಬಂದರು. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಕಮಲಾಪುರಕ್ಕೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ನಿಮಗೀಗ ಹಸಿವೆಯಾಗಿದೆ, ಉಣ್ಣಿ ಎಂದು ಗಂಡನಿಗೆ ತಿಳಿಸಿದರು. ಚಾಚಾ ಹ್ಞೂಂಗುಟ್ಟಿ, ಆರಾಮಿದ್ದೇನೆ ಎಂದರು.

ನನಗೆ ಅಷ್ಟು ಸಾಕಿತ್ತು. ಫೋನು ಇಟ್ಟಿದ್ದೇ ಪಡಸಾಲೆಯ ನಡುವೆ ಕೂತು ಚಾಚಾ ಆದೆ. ಫೋನಿನಲ್ಲಿ ಅವರ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು, ನಾನೂ ಹಾಗೇ ಎಳೆದೆ. ಮೂರನೆಯ ಉಸಿರಿಗೆ ಹೊಕ್ಕುಳದ ಕೆಳಗೆ, ಬಲಗಡೆ, ಚಾಕು ಇಟ್ಟಂತಾಯಿತು. ಮೈಯೆಲ್ಲ ಬೆವರು. ಮುದುಡಿಕೊಂಡೆ. ಮಂದಿ ಇನ್ನಷ್ಟು ನಕ್ಕರು, ಅಕ್ಕ ಸಾಕು ಬಿಡೋ ಅಂದಳು. ಚಾಚಿ ಎದ್ದು ಬಂದು, ಎಲ್ಲಿ ಎಂದು ಕೇಳಿದರು. ಬೆರಳಿಟ್ಟು ತೋರಿಸಿದೆ. ಅವರು ಎಲೆಯ ಮುಂದೆ ಕೂರಲೂ ಇಲ್ಲ. ಅಪ್ಪನಿಗೆ ಕಾರು ತೆಗೆಯಲು ಹೇಳಿ ಚಪ್ಪಲಿ ಮೆಟ್ಟಿದರು. ಕಾರು ತಿರುವು ದಾಟುವಷ್ಟರಲ್ಲಿ ನನ್ನ ನೋವು ಮಾಯ.

ಚಾಚಾ ಅಂಗಳದಲ್ಲಿ ಹಣ್ಣು ಆರಿಸುತ್ತ ಕೂತಿದ್ದರಂತೆ, ಮೈ ಕೆಂಡ. ಸಂಜೆಯೊಳಗೆ ಕಲಬುರಗಿಯಲ್ಲಿ ಆಪರೇಷನ್ ಆಯಿತು. ಅಪೆಂಡಿಕ್ಸ್ ಒಡೆಯುವುದರಲ್ಲಿತ್ತು, ಇನ್ನೊಂದು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಅಲ್ಲಿನವರು.

ಸೇಡಂ ರಸ್ತೆಯ ಡಾಕ್ಟರನ್ನು ಆಮೇಲೆ ಕೇಳಿದೆ. ಚಾಚಾಗೆ ಗೊತ್ತಾಗದಿದ್ದರೂ ಹೊಟ್ಟೆ ನೋಯದಂತೆ ಅವರ ಉಸಿರು ತಾನಾಗಿ ಅರ್ಧಕ್ಕೇ ನಿಲ್ಲುತ್ತಿತ್ತು, ನೀನು ಅದನ್ನು ಎತ್ತಿಕೊಂಡೆ, ಇನ್ನೊಬ್ಬರ ನೋವು ಕಂಡಾಗಲೂ ನಮ್ಮ ಇನ್ಸುಲಾ ಎಚ್ಚರಾಗುತ್ತದೆ ಎಂದರು. ಒಪ್ಪಿದೆ. ಆದರೆ ನೋವಿನ ಜಾಗವನ್ನು ಫೋನು ಹೇಗೆ ಹೇಳಿತು ಎಂದಾಗ ಅವರು ಕನ್ನಡಕ ಒರೆಸಿಕೊಂಡರು. ನನಗೂ ಇವತ್ತಿನವರೆಗೆ ತಿಳಿದಿಲ್ಲ.

ತಿಳಿಯದಿದ್ದರೇನು, ಜಂಬ ಬಂದೇ ಬಂತು. ವಾರ್ಡಿನಲ್ಲಿ ಚಾಚಾಗೆ ಗಂಜಿ ಕುಡಿಸುತ್ತಿದ್ದ ಚಾಚಿಯ ಪಕ್ಕ ಕೂತು, ಎಲ್ಲರೂ ನಕಲು ಅಂದುಕೊಂಡದ್ದನ್ನು ನೀವೊಬ್ಬರೇ ಹೇಗೆ ನಂಬಿದಿರಿ, ನನ್ನಲ್ಲಿ ಅಂಥದ್ದೇನು ಕಂಡಿರಿ ಎಂದು ಕೆದಕಿದೆ. ಅವರು ಚಮಚ ಕೆಳಗಿಡದೆ ಹೇಳಿದರು:

"ದಿನಾ ನಕಲ ಮಾಡುವಾಗ ಯಾರ್ ನಗ್ತಾರ, ಯಾರ್ ನಗಲ್ಲ ಅಂತ ಸುತ್ತ ನೋಡ್ತಿ, ಬೇಟಾ. ಅವತ್ತ ಒಮ್ಮಿನೂ ನೋಡ್ಲಿಲ್ಲ."