ಮೈಕಿನಲ್ಲಿ ಧಮ್ಮಪಾಲನ ಹೆಸರು

ಬುದ್ಧ ಜಯಂತಿಯ ಮೆರವಣಿಗೆಯಲ್ಲಿ ಮೈಕು ಹಿಡಿದ ದಿನದಿಂದ ಆಳಂದಕ್ಕೆ ಪಂಚಶೀಲಾಳ ದನಿ ಗೊತ್ತು. ಪೋಲಿಯೊ ಹನಿ ಇರಲಿ, ನಳದ ನೀರಿರಲಿ, ಆಟೊದ ಮೇಲೆ ಕಟ್ಟಿದ ಮೈಕಿನಲ್ಲಿ ಸುದ್ದಿ ಹೇಳುವವಳು ಅವಳೇ. ಗಾಂಜಾ ವಿರುದ್ಧದ ಪ್ರಚಾರಕ್ಕೂ ಪೊಲೀಸರು ಅವಳನ್ನೇ ಕರೆದರು. ಬರೆದುಕೊಟ್ಟ ಕನ್ನಡವೋ, ಓದುವವಳಿಗೇ ಆಕಳಿಕೆ ಬರಬೇಕು: "ಮಾದಕ ವಸ್ತುಗಳ ದುಷ್ಪರಿಣಾಮಗಳ ಕುರಿತು ಸಾರ್ವಜನಿಕರಲ್ಲಿ..." ಆಟೊ ಹೋದಲ್ಲೆಲ್ಲ ಹುಡುಗರು ಅದನ್ನೇ ಅಣಕಿಸಿ ನಕ್ಕರು.

ಅವಳಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ತಮ್ಮ ಧಮ್ಮಪಾಲ ಖಜೂರಿ ರಸ್ತೆಯಲ್ಲಿ ಲಾರಿಯೊಳಗೆ ಗಾಂಜಾ ಚೀಲದ ಸಮೇತ ಸಿಕ್ಕುಬಿದ್ದು ಜೈಲು ಸೇರಿದ್ದ. ಅತ್ತೂ ಆಗಿತ್ತು, ಬೈದೂ ಆಗಿತ್ತು. ಈಗ ಏನೂ ಅನಿಸುತ್ತಿರಲಿಲ್ಲ. ಮನೆಯಲ್ಲಿ ಅವನ ಹೆಸರೆತ್ತಬಾರದೆಂದು ತಾಯಿ ರಮಾಬಾಯಿ ಆಣೆ ಹಾಕಿದ್ದಳು. ಓಣಿಯವರೂ ಹೆಸರು ಬಿಟ್ಟು "ಆ ಹುಡುಗ" ಎನ್ನತೊಡಗಿದ್ದರು.

ಆಟೊ ಓಡಿಸುವ ಅರ್ಬಾಜ ಒಂದು ದಿನ ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿದ.

"ಅಕ್ಕಾ, ಆ ಗಾಂಜಾ ಮಂದಿ ಹುಡುಗರ ಕಿವ್ಯಾಗ ಏನ್ ಊದಾಕತ್ತಾರ ಗೊತ್ತದೇನ್ರಿ? 'ಸಿಕ್ಕರೂ ಫಿಕರ್ ಮಾಡಬ್ಯಾಡ್ರಿ. ಧಮ್ಮಪಾಲಗ ವಕೀಲನ್ನ ನಾವೇ ಹಿಡಿದೇವಿ, ಅವರ ಮನಿ ನಾವೇ ನಡಸಾಕತ್ತೇವಿ' ಅಂತ."

ಶುದ್ಧ ಸುಳ್ಳು. ವಕೀಲನಿರಲಿ, ಅವರ ಕಡೆಯ ಒಂದು ನರಪಿಳ್ಳೆಯೂ ಮನೆ ಬಾಗಿಲಿಗೆ ಬಂದಿರಲಿಲ್ಲ. ಪೊಲೀಸರ ಮಾತಿಗೆ ನಗುವ ಹುಡುಗರು ಈ ಮಾತನ್ನು ಮಾತ್ರ ನಂಬುತ್ತಿದ್ದರು. ಅದು ಸುಳ್ಳೆಂದು ಹೇಳಬೇಕಾದರೆ ತಮ್ಮನ ಹೆಸರು ಹೇಳಲೇಬೇಕು; ಹೇಳಿದರೆ ತಾಯಿ ಮತ್ತೆ ಮುಖ ನೋಡುತ್ತಾಳೋ ಇಲ್ಲವೋ. ಪಂಚಶೀಲಾ, ಪೊಲೀಸ್ ಠಾಣೆಯ ಸಾಹೇಬರ ಒಪ್ಪಿಗೆ ಕೇಳಿ, ಅವರು ಕೊಟ್ಟಿದ್ದ ಹಾಳೆಯನ್ನು ಪಕ್ಕಕ್ಕಿಟ್ಟಳು. ನಳದ ನೀರಿನ ಸುದ್ದಿ ಹೇಳುವ ಹಾಗೆಯೇ ಹೇಳಿ ರೆಕಾರ್ಡ್ ಮಾಡಿಸಿದಳು.

"ನಾ ಧಮ್ಮಪಾಲನ ಅಕ್ಕ. ಅವ ಜೈಲಿನ್ಯಾಗ ಅದಾನ. ಚೀಲ ಕೊಟ್ಟವರು ಯಾರೂ ನಮ್ಮ ಮನಿಗಿ ಬಂದಿಲ್ಲ. ವಕೀಲನ್ನ ಹಿಡಿದಿಲ್ಲ. ಈಗ ಹೋಗಿ ಕೇಳಿದ್ರ, ಧಮ್ಮಪಾಲ ಅಂದ್ರ ಯಾರು ಅಂತಾರ."

ಮರುದಿನ ಆ ರೆಕಾರ್ಡ್ ಹಾಕಿಕೊಂಡು ಆಟೊ ಅವರ ಓಣಿಗೇ ಬಂತು. ರೊಟ್ಟಿ ಬಡಿಯುತ್ತಿದ್ದ ರಮಾಬಾಯಿಯ ಕೈ ನಿಂತಿತು. ಹೊರಗೆ ಯಾರೂ ನಗಲಿಲ್ಲ. ಆಟೊ ತಿರುವು ದಾಟಿ ದನಿ ಸಣ್ಣದಾಯಿತು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಪಂಚಶೀಲಾ ಬೈಗುಳಕ್ಕೆ ಕಾದು ನಿಂತಳು.

"ಎಷ್ಟ ದಿನ ಆಗಿತ್ತ ಬೇ, ಅವನ ಹೆಸರ ಯಾರರೇ ಕರ್ದು," ಎಂದಳು ತಾಯಿ. "ಅರ್ಬಾಜಗ ಇನ್ನೊಮ್ಮಿ ಈ ಕಡಿ ಬಾ ಅನ್ನು."